ಹಳೆಯ ಕಂಪ್ಯೂಟರು ಹೊಸ ಬ್ರೌಸರನ್ನು ಒಲ್ಲೆನ್ನುವುದೇಕೆ?

ದೀಪ ಹಚ್ಚುವ ಹೊತ್ತು. ನಡುಮನೆಯ ಮೂಲೆಯಲ್ಲಿ, ಕಸೂತಿ ಬಟ್ಟೆಯ ಮುಸುಕನ್ನು ಸರಿಸಿದ ಕಂಪ್ಯೂಟರಿನ ಮುಂದೆ ಮನೆಮಂದಿಯೆಲ್ಲ ನೆರೆದಿದ್ದಾರೆ. ಮಗಳ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿದೆಯೆಂದು ಸುದ್ದಿ. ಆದರೆ ಹಳೆಯ ಬ್ರೌಸರು ಆ ಪುಟವನ್ನು ತೆರೆಯಲೊಲ್ಲದು. ತಾಣ ಸುರಕ್ಷಿತವಲ್ಲವೆಂದು ಎಚ್ಚರಿಕೆ ನೀಡಿ ಅಡ್ಡ ನಿಲ್ಲುತ್ತದೆ. ಹೊಸ ಬ್ರೌಸರನ್ನೇ ಹಾಕಿಕೊಳ್ಳೋಣವೆಂದರೆ ಅದು ಅರ್ಧ ದಾರಿಯವರೆಗೆ ಬಂದು, ಅರ್ಥವಾಗದ ಇಂಗ್ಲಿಷಿನಲ್ಲಿ ಏನನ್ನೋ ಗೊಣಗಿ ಹಿಂದಿರುಗುತ್ತದೆ.

“ವೈರಸ್ ಇರಬೇಕಪ್ಪ” ಎನ್ನುತ್ತಾನೆ ಮಗ.

“ಎಷ್ಟು ವರ್ಷದಿಂದ ಹೇಳ್ತಾ ಇದೀನಿ ರೀ, ಹೊಸದೊಂದು ತನ್ನಿ ಅಂತ” ಎನ್ನುತ್ತಾಳೆ ಮನೆಯಾಕೆ.

ಯಜಮಾನರು ಮತ್ತೊಮ್ಮೆ ಗುಂಡಿಯನ್ನೊತ್ತುತ್ತಾರೆ. ಮತ್ತೊಮ್ಮೆ ಅದೇ ಗೊಣಗಾಟ. ಹಿಂದೆ ನಿಂತಿದ್ದ ಅಜ್ಜಿ ಮಾತ್ರ ಪರದೆಯ ಬಲಗಡೆಯ ಕೆಳಮೂಲೆಯನ್ನು ದಿಟ್ಟಿಸಿ, “ಅದ್ಯಾಕೋ ಅಲ್ಲಿ 2009 ಅಂತ ಇದೆ?” ಎಂದು ಕೇಳುತ್ತಾರೆ. ಆ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಯಂತ್ರವನ್ನು ಜೋಪಾನವಾಗಿ ಇಟ್ಟುಕೊಂಡಿರುವ ಎಷ್ಟೋ ಮನೆಗಳಲ್ಲಿ ಈ ನಾಟಕ ನಡೆದಿದೆ. ವೈರಸ್ಸಿನ ಮೇಲೆ ಹೊರಿಸುವ ಅಪವಾದ ಬಹುಮಟ್ಟಿಗೆ ನಿರಾಧಾರವಾದುದು. ಯಂತ್ರವೂ ಕೆಟ್ಟಿರುವುದಿಲ್ಲ. ಹೊಸ ಬ್ರೌಸರು ಒಳಗೆ ಕಾಲಿಡುವ ಮುನ್ನ ಕೇಳುವ ಹಲವು ಪ್ರಶ್ನೆಗಳಲ್ಲಿ ಯಾವುದೋ ಒಂದಕ್ಕೆ ಅದು ಉತ್ತರ ಹೇಳಲಾರದೆ ನಿಂತಿರುತ್ತದೆ, ಅಷ್ಟೆ. ಯಾವ ಪ್ರಶ್ನೆಯೆಂದು ತಿಳಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ತೊಡಕೆಂದರೆ, ಪರದೆಯ ಮೇಲೆ ಮೂಡುವ ವಾಕ್ಯ ಆ ಪ್ರಶ್ನೆಯನ್ನು ನೇರವಾಗಿ ಹೇಳುವುದೇ ಅಪೂರ್ವ.

ಅಜ್ಜಿಯ ಮಾತಿನಿಂದಲೇ ತೊಡಗುವುದು ಉಚಿತ. ಎಲ್ಲ ದೋಷಗಳಲ್ಲಿ ಅತ್ಯಂತ ಅಗ್ಗವಾದುದು ಅದೇ. ಕಂಪ್ಯೂಟರಿನ ಒಡಲಿನಲ್ಲಿ, ಮದರ್‌ಬೋರ್ಡಿನ ಮೇಲೆ, ನಾಣ್ಯದಂತಹ ಒಂದು ಪುಟ್ಟ ಬ್ಯಾಟರಿ ಕುಳಿತಿರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದೇ ಆ ಅಂಕಿಗಳ ಅರ್ಥ. ವಿದ್ಯುತ್ತು ಇಲ್ಲದಿರುವಾಗಲೂ ಯಂತ್ರದ ಗಡಿಯಾರವನ್ನು ನಡೆಯಿಸುವುದು ಇದರ ಕೆಲಸ. ವರ್ಷಗಳು ಕಳೆದು ಇದರ ಸತ್ತ್ವ ಉಡುಗಿದಾಗ, ಯಂತ್ರ ತಾನು ತಯಾರಾದ ಕಾಲದ ಯಾವುದೋ ಜನವರಿ ಒಂದಕ್ಕೆ ಹಿಂದಿರುಗುತ್ತದೆ.

ತಾರೀಖು ತಪ್ಪಿದರೆ ಬ್ರೌಸರಿಗೇನು ನಷ್ಟ ಎಂದು ವಾಚಕರು ಕೇಳಬಹುದು. ಅಂತರ್ಜಾಲದ ಸುರಕ್ಷಿತ ತಾಣಗಳೆಲ್ಲವೂ ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ. ಅದು ಯಾವ ದಿನದಿಂದ ಯಾವ ದಿನದವರೆಗೆ ಸಿಂಧುವೆಂಬುದು ಅದರಲ್ಲಿಯೇ ನಮೂದಾಗಿರುತ್ತದೆ. 2009ರಲ್ಲಿ ನಿಂತಿರುವ ಯಂತ್ರದ ದೃಷ್ಟಿಯಲ್ಲಿ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ! ಹುಟ್ಟದ ಮಗುವಿನ ಜನನಪತ್ರವನ್ನು ಯಾವ ಗುಮಾಸ್ತನು ಒಪ್ಪಿಯಾನು? ಬ್ರೌಸರು ತಿರಸ್ಕರಿಸಿದರೆ ಅದು ತನ್ನ ಕರ್ತವ್ಯವನ್ನೇ ಮಾಡಿದಂತಾಯಿತು. ಹೊಸ ಬ್ರೌಸರನ್ನು ತರಲು ಹೊರಟ ಇನ್‌ಸ್ಟಾಲರೂ ಇದೇ ಸುರಕ್ಷಿತ ದಾರಿಯಲ್ಲಿ ನಡೆಯಬೇಕಾದುದರಿಂದ ಅದೂ ಅಲ್ಲಿಯೇ ಮುಗ್ಗರಿಸುತ್ತದೆ. ತಾರೀಖನ್ನೂ ಸಮಯವನ್ನೂ ತಿದ್ದಿದರೆ ಆ ಹೊತ್ತಿನ ಸಂಕಟ ಕಳೆಯುತ್ತದೆ. ಬ್ಯಾಟರಿಯನ್ನು ಬದಲಿಸದಿದ್ದರೆ ಮರುದಿನ ಮತ್ತೆ ಅದೇ ಕಥೆ. ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಸಿಕ್ಕುವ ಸಾಮಾನು ಇದು. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಪೆಟ್ಟಿಗೆಯನ್ನು ತೆರೆಯಬೇಕೆಂಬುದನ್ನು ಮಾತ್ರ ಮರೆಯಬಾರದು.

ಗಡಿಯಾರ ಸರಿಯಿದ್ದರೂ ಪ್ರಮಾಣಪತ್ರದ ತಂಟೆ ಮುಗಿಯಿತೆನ್ನುವಂತಿಲ್ಲ. ಪ್ರತಿಯೊಂದು ಪತ್ರದ ಹಿಂದೆಯೂ ಅದಕ್ಕೆ ಸಾಕ್ಷಿ ಹೇಳುವ ಒಂದು ಮೂಲಪತ್ರವಿರುತ್ತದೆ. ಅದಕ್ಕೂ ಆಯುಷ್ಯದ ಮಿತಿಯುಂಟು. ಅಸಂಖ್ಯ ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ವ್ಯವಸ್ಥೆ ಆಧರಿಸಿಕೊಂಡಿದ್ದ ಒಂದು ಹಳೆಯ ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ತೀರಿತು. ಹೊಸ ಮೂಲಪತ್ರದ ಪರಿಚಯವಿಲ್ಲದ ಹಳೆಯ ಯಂತ್ರಗಳಿಗೆ ನಿನ್ನೆಯವರೆಗೆ ನೆಂಟನಾಗಿದ್ದ ತಾಣ ಆ ದಿನ ಅಪರಿಚಿತವಾಯಿತು. ಇಂತಹ ಸಂದರ್ಭದಲ್ಲಿ ಫೈರ್‌ಫಾಕ್ಸ್ ಬ್ರೌಸರಿನಿಂದ ಒಂದು ಪ್ರಯೋಜನವಿದೆ. ಅದು ಮೂಲಪತ್ರಗಳ ಪಟ್ಟಿಯನ್ನು ತನ್ನ ಜೋಳಿಗೆಯಲ್ಲಿಯೇ ತರುತ್ತದೆ. ವಿಂಡೋಸಿನ ಬಳಿ ಇರುವ ಹಳೆಯ ಪಟ್ಟಿಯನ್ನು ನೆಚ್ಚಿಕೊಂಡಿರುವುದಿಲ್ಲ.

ಇನ್ನು ಇನ್‌ಸ್ಟಾಲರಿನ ಸ್ವರೂಪವನ್ನು ಗಮನಿಸಬೇಕು. ಸಾಮಾನ್ಯವಾಗಿ ಕೈಗೆ ಸಿಕ್ಕುವ ಪುಟ್ಟ ಕಡತ ಬ್ರೌಸರಲ್ಲ. ಬ್ರೌಸರನ್ನು ಕರೆತರಲು ಹೋಗುವ ಆಳು. ಆಳಿಗೆ ದಾರಿ ತಿಳಿಯದಿದ್ದರೆ ಧಣಿ ಬರುವುದೆಂತು? ಹಳೆಯ ಯಂತ್ರಕ್ಕೆ ಪರಿಚಿತವಾಗಿದ್ದ ಸುರಕ್ಷತೆಯ ಕ್ರಮಗಳನ್ನು, ಎಂದರೆ ಟಿಎಲ್‌ಎಸ್ 1.0 ಮತ್ತು 1.1 ಎಂಬವನ್ನು, ದೊಡ್ಡ ಬ್ರೌಸರುಗಳು 2020ರಲ್ಲಿ ಕೈಬಿಟ್ಟವು. ತಾಣಗಳೂ ಒಂದೊಂದಾಗಿ ಅವನ್ನು ತೊರೆದವು. ಹಳೆಯ ಯಂತ್ರದ ಆಳು ಅಂತಹ ಬಾಗಿಲುಗಳ ಮುಂದೆ ಹಳೆಯ ಸಂಕೇತಪದವನ್ನೇ ಒದರುತ್ತಾ ನಿಲ್ಲುತ್ತಾನೆ. ಇದಕ್ಕೆ ಪರಿಹಾರ ಸುಲಭ. ಆಫ್‌ಲೈನ್ ಇನ್‌ಸ್ಟಾಲರ್ ಎಂಬ ಪೂರ್ಣ ಕಡತವನ್ನು ಮತ್ತೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರೆ ಈ ದೂತಕಾರ್ಯವೇ ಬೇಕಾಗುವುದಿಲ್ಲ.

ಆದರೆ ಯಾವ ಕಡತ? ಇಲ್ಲಿ ಜಾಣರೂ ಎಡವುತ್ತಾರೆ. ಬ್ರೌಸರುಗಳು 32 ಬಿಟ್ ಎಂದೂ 64 ಬಿಟ್ ಎಂದೂ ಎರಡು ಬಗೆಯಲ್ಲಿ ದೊರೆಯುತ್ತವೆ. 32 ಬಿಟ್ ವಿಂಡೋಸಿನಲ್ಲಿ 64 ಬಿಟ್ಟಿನ ಕಾರ್ಯಕ್ರಮ ನಡೆಯದು. ಎಕ್ಸ್64 ಎಂದರೆ 64 ಬಿಟ್ ಎಂಬುದೇನೋ ಸರಿ. ಎಕ್ಸ್86 ಎಂದರೆ ಅದಕ್ಕಿಂತ ದೊಡ್ಡದೆಂದು ಭಾವಿಸಿದವರು ಕೆಟ್ಟರು! ಇಂಟೆಲ್ ಸಂಸ್ಥೆ 1978ರಲ್ಲಿ ಹೊರತಂದ 8086 ಎಂಬ ಪ್ರೊಸೆಸರಿನ ಮನೆತನದ ಹೆಸರು ಅದು. ಇಂದಿನ ರೂಢಿಯಲ್ಲಿ ಅದರ ಅರ್ಥ 32 ಬಿಟ್ ಎಂದೇ. ನಮ್ಮ ಯಂತ್ರದ್ದು ಯಾವುದೆಂದು ತಿಳಿಯಲು ‘ಕಂಪ್ಯೂಟರ್’ ಎಂಬ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ಪ್ರಾಪರ್ಟೀಸ್ ಎಂಬಲ್ಲಿ ಸಿಸ್ಟಂ ಟೈಪ್ ಎಂಬ ಸಾಲನ್ನು ಓದಿದರಾಯಿತು. ‘ಇದು ಸಿಂಧುವಾದ ವಿನ್32 ಅಪ್ಲಿಕೇಶನ್ ಅಲ್ಲ’ ಎಂಬ ಅರ್ಥದ ಪ್ರಸಿದ್ಧ ಬೈಗುಳಕ್ಕೆ ಎಷ್ಟೋ ವೇಳೆ ಈ ಗೊಂದಲವೇ ಕಾರಣ. ಕಡತ ಅರ್ಧಕ್ಕೇ ಇಳಿದು ನಿಂತಿದ್ದರೂ ಅದೇ ಬೈಗುಳ ಕೇಳಬಹುದು. ಡಿಸ್ಕಿನಲ್ಲಿ ಸ್ಥಳವಿಲ್ಲದಿರುವುದು, ಹಿಂದಿನ ವಿಫಲ ಯತ್ನದ ಅವಶೇಷ ಉಳಿದಿರುವುದು, ಇವೂ ಉಂಟು. ಇವಕ್ಕೆ ಒಂದಿಷ್ಟು ಗುಡಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಸಾಕು.

ಇಷ್ಟರಿಂದಲೂ ಕೆಲಸ ಕೈಗೂಡದಿದ್ದರೆ ವಯಸ್ಸಿನ ಲೆಕ್ಕವನ್ನೇ ನೋಡಬೇಕು. ಗೂಗಲ್ ಕ್ರೋಮ್ ಬ್ರೌಸರು 2016ರಲ್ಲಿ ವಿಂಡೋಸ್ ಎಕ್ಸ್‌ಪಿಯ ಕೈ ಬಿಟ್ಟಿತು. ಎಕ್ಸ್‌ಪಿಗೆ ದೊರೆತ ಕೊನೆಯದು ಅದರ 49ನೆಯ ಆವೃತ್ತಿ. ವಿಂಡೋಸ್ 7 ಮತ್ತು 8ಕ್ಕೆ 109ನೆಯದೇ ಕೊನೆ. 2023ರ ಫೆಬ್ರವರಿಯಲ್ಲಿ ಬಂದ 110ನೆಯದು ವಿಂಡೋಸ್ 10 ಇಲ್ಲದೆ ಏರುವುದಿಲ್ಲ. ಫೈರ್‌ಫಾಕ್ಸ್ ಇದಕ್ಕಿಂತ ದಯಾಪರ. ವಿಂಡೋಸ್ 7ಕ್ಕಾಗಿ 115ನೆಯ ಆವೃತ್ತಿಯ ಇಎಸ್‌ಆರ್ ಎಂಬ ದೀರ್ಘಾವಧಿಯ ರೂಪವನ್ನು ಅದು ಉಳಿಸಿತು; ನಿಲ್ಲಿಸುವ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿತು. ಕೆರ್ನೆಲ್32 ಎಂಬ ಕಡತದಲ್ಲಿ ಏನೋ ಸಿಕ್ಕಲಿಲ್ಲವೆಂದು ಯಂತ್ರ ದೂರಿದರೆ, ಬಂದ ಬ್ರೌಸರು ಈ ವಿಂಡೋಸಿನ ಕಾಲಕ್ಕಿಂತ ಹೊಸದೆಂದು ತಿಳಿಯಬೇಕು. ಯಾವುದೋ ತಾಣದಿಂದ ಆ ಕೆರ್ನೆಲ್ ಕಡತವನ್ನು ತಂದು ತುರುಕುವ ಸಾಹಸ ಸಲ್ಲದು. ಹೊಸ ಬ್ರೌಸರನ್ನು ಹಳೆಯ ಯಂತ್ರಕ್ಕೆ ಹೊಂದಿಸಿಕೊಡುವುದಾಗಿ ಆಸೆ ತೋರಿಸುವ ಅಪರಿಚಿತ ತಾಣಗಳ ವಿಷಯವೂ ಹಾಗೆಯೇ. ಅದುವರೆಗೆ ಇಲ್ಲದಿದ್ದ ವೈರಸ್ ನಿಜವಾಗಿ ಮನೆಗೆ ಬರುವುದು ಇಂತಹ ಬಾಗಿಲಿನಿಂದ.

ಪ್ರೊಸೆಸರೇ ಅಡ್ಡಿಯಾಗುವುದೂ ಉಂಟು. 2000ದ ಕೊನೆಯಲ್ಲಿ ಪೆಂಟಿಯಮ್ 4ರೊಡನೆ ಬಂದ ಎಸ್‌ಎಸ್‌ಇ2 ಎಂಬ ಆಜ್ಞಾಸಮೂಹವನ್ನು ತಿಳಿಯದ ಪೆಂಟಿಯಮ್ 3, ಆಥ್ಲಾನ್ ಎಕ್ಸ್‌ಪಿಗಳಲ್ಲಿ ಈಚಿನ ಬ್ರೌಸರು ನಡೆಯುವುದಿಲ್ಲ. ಅವುಗಳಿಗೆ ಮದ್ದಿಲ್ಲ.

ಹಾಗಾದರೆ ವಿಂಡೋಸನ್ನೇ ಬದಲಿಸಬಾರದೇಕೆ? ಅಂಗಡಿಯ ಹುಡುಗ ಹೇಳುವ ಮೊದಲ ಮಾತೂ ಅದೇ: “ಫಾರ್ಮ್ಯಾಟ್ ಮಾಡಿಬಿಡೋಣ ಸಾರ್.” ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ತುಂಬುವುದೆಂದರ್ಥ. ಇಲ್ಲಿ ಕನ್ನಡದ ಮನೆಗಳು ವಿಶೇಷವಾಗಿ ಎಚ್ಚರ ವಹಿಸಬೇಕಾಗಿದೆ. ಎಷ್ಟೋ ಮನೆಗಳಲ್ಲಿ ಹಿರಿಯರು ನುಡಿಯಲ್ಲಿಯೋ ಬರಹದಲ್ಲಿಯೋ ಟೈಪು ಮಾಡಿದ ಕಾಗದಪತ್ರಗಳು ಈ ಹಳೆಯ ಡಿಸ್ಕಿನಲ್ಲಿಯೇ ಇವೆ. ಯೂನಿಕೋಡಿಗೆ ಮುನ್ನಿನ ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಫಾಂಟು ಅಳಿಸಿಹೋದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳೇ ಕಾಣುವುವು. ಆದುದರಿಂದ ಕಡತಗಳನ್ನಷ್ಟೇ ಅಲ್ಲ, ಅವುಗಳ ಫಾಂಟುಗಳನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ, ಬೇರೊಂದು ಯಂತ್ರದಲ್ಲಿ ತೆರೆದು ಓದಿ ನೋಡುವವರೆಗೆ ಫಾರ್ಮ್ಯಾಟಿನ ಮಾತನ್ನೆತ್ತಬಾರದು. ಒಂದು ಸಂಜೆಯ ಫಲಿತಾಂಶಕ್ಕಾಗಿ ಒಂದು ಜೀವಮಾನದ ಬರವಣಿಗೆಯನ್ನು ತೆತ್ತವರೂ ಇರಲಾರರೆಂದು ಹೇಳುವಂತಿಲ್ಲ.

ಮೇಲಾಗಿ, ಹೊಸ ವಿಂಡೋಸಿನ ಆಯುಷ್ಯವೂ ಚಿರವಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2020ರ ಜನವರಿ 14ಕ್ಕೆ ಮುಗಿದರೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದಲೇ ನಡೆಯಿಸಿ, ಡಿಸ್ಕನ್ನು ಮುಟ್ಟದೆಯೇ ಪರೀಕ್ಷಿಸಬಹುದು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಪ್ರೊಸೆಸರುಗಳು 64 ಬಿಟ್ಟಿನವು. ಅಂಗಡಿಯವರು ಅವುಗಳ ಮೇಲೆ 32 ಬಿಟ್ ವಿಂಡೋಸ್ ಹಾಕಿ ಕೊಟ್ಟದ್ದರಿಂದ ಒಡೆಯರಿಗೇ ಆ ಸಂಗತಿ ತಿಳಿಯದಿರಬಹುದು. ಅಂತಹ ಯಂತ್ರಗಳು ಲಿನಕ್ಸಿನಲ್ಲಿ ಇನ್ನೂ ಕೆಲಕಾಲ ದುಡಿದಾವು. ನಿಜವಾಗಿ 32 ಬಿಟ್ಟಿನ ಪ್ರೊಸೆಸರಿದ್ದರೆ ಆ ದಾರಿಯೂ ಕಿರಿದಾಗುತ್ತಿದೆ: ಡೆಬಿಯನ್ ಎಂಬ ಹೆಸರಾಂತ ಲಿನಕ್ಸ್ 2025ರ ತನ್ನ 13ನೆಯ ಆವೃತ್ತಿಯಲ್ಲಿ ಅವುಗಳಿಗೆ ಇನ್‌ಸ್ಟಾಲರನ್ನೇ ಕೊಡಲಿಲ್ಲ.

ನಡುಮನೆಯಲ್ಲಿ ಹೊತ್ತು ಏರುತ್ತಿದೆ. ಕೊನೆಗೂ ಯಜಮಾನರ ಗಮನ ಅಜ್ಜಿ ತೋರಿಸಿದ ಮೂಲೆಯ ಕಡೆಗೆ ಹರಿಯಿತು. ತಾರೀಖನ್ನು ತಿದ್ದಿದರು. ಕ್ರೋಮ್ ಆಗಲೂ ಒಲ್ಲೆನೆಂದಿತು. ಯಂತ್ರದ್ದು ವಿಂಡೋಸ್ 7. ಮಗ ನೆರೆಮನೆಗೆ ಓಡಿ ಫೈರ್‌ಫಾಕ್ಸ್ 115ರ ಪೂರ್ಣ ಕಡತವನ್ನು ಅದರ ತಯಾರಕರ ತಾಣದಿಂದಲೇ ಪೆನ್‌ಡ್ರೈವಿಗಿಳಿಸಿ ತಂದ. ಮೊದಲು ತಂದದ್ದು 64 ಬಿಟ್. ಎರಡನೆಯ ಸಲ ಓಡಿದಾಗ ಸರಿಯಾದುದು ಸಿಕ್ಕಿತು. ಫಲಿತಾಂಶದ ಪುಟ ತೆರೆಯಿತು. ಮಗಳು ಮೊದಲ ದರ್ಜೆ.

“ಇದರಲ್ಲೇ ಬ್ಯಾಂಕಿನ ಕೆಲಸಾನೂ ಮುಗಿಸಿಬಿಡಿ” ಎಂದಳು ಮನೆಯಾಕೆ.

“ಬೇಡ. ದುಡ್ಡಿನ ವ್ಯವಹಾರ ಈ ಮುದುಕನ ಕೈಲಿ ಬೇಡ” ಎಂದು ಯಜಮಾನರು ಪೆನ್‌ಡ್ರೈವನ್ನು ಕೀಳಹೋದರು.

“ತೆಗೀಬೇಡ ಕಣೋ” ಎಂದರು ಅಜ್ಜಿ. “ನಿಮ್ಮಪ್ಪ ಬರೆದಿಟ್ಟದ್ದು ಅದರೊಳಗೇ ಇದೆಯಲ್ಲ. ಮೊದಲು ಅದನ್ನ ಹಾಕ್ಕೋ.”