ಪರದೇಶದ ಬಿಡಾರಕ್ಕೆ ತಾಯಿ ಬಂದಾಗ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಕಡೆಯಿಂದ ಇಂಗ್ಲೆಂಡಿಗೆ ವಿದ್ಯಾರ್ಜನೆಗೆಂದು ತೆರಳುವ ತರುಣರಿಗೆ, ತಾಯ್ತಂದೆಗಳನ್ನು ಕರೆಸಿಕೊಳ್ಳುವ ವಿಷಯದಲ್ಲಿ ನಾವು ಎರಡು ಮಾತು ಹೇಳಬಯಸುತ್ತೇವೆ.

ಸಂದರ್ಶಕರ ವೀಸಾದ ಮೇಲೆ ಸಾಮಾನ್ಯವಾಗಿ 6 ತಿಂಗಳವರೆಗೆ ತಂಗಬಹುದು. ಸಂಬಳದ ಕೆಲಸ ಮಾಡಕೂಡದು. ಸಂದರ್ಶಕರು ಆಸ್ಪತ್ರೆಯಲ್ಲಿ ಮಲಗಬೇಕಾಗಿ ಬಂದರೆ ವೆಚ್ಚವನ್ನು ತಾವೇ ತೆರಬೇಕಾದೀತು. ಆದುದರಿಂದ ವಿಮೆ ಮಾಡಿಸಿಯೇ ಹೊರಡುವುದು ಕ್ಷೇಮ. ತುಪ್ಪ, ಪೇಡೆಗಳಂತಹ ಹಾಲಿನ ಪದಾರ್ಥಗಳನ್ನು ಅಲ್ಲಿಯ ಸುಂಕದವರು ಒಳಬಿಡರು. ಖಡಕ್ ಜೋಳದ ರೊಟ್ಟಿ, ಶೇಂಗಾಪುಡಿಗಳನ್ನು ಒಯ್ಯಬಹುದು. ವಿದ್ಯಾರ್ಥಿನಿಲಯಗಳಲ್ಲಿ ಅತಿಥಿಗಳಿಗೆ ಇಷ್ಟೇ ರಾತ್ರಿಯೆಂಬ ಕಟ್ಟಳೆಯಿರುವುದುಂಟು. ಅದನ್ನು ಮುಂಚಿತವಾಗಿ ವಿಚಾರಿಸತಕ್ಕದ್ದು.

ಮಗನು ಪಾಠಕ್ಕೆ ಹೋದರೆ, ಮಾತು ತಿಳಿಯದ ಊರಿನಲ್ಲಿ ತಾಯಿ ದಿನವಿಡೀ ಒಬ್ಬಳೇ ಕುಳಿತಿರಬೇಕು. ಪರೀಕ್ಷೆಯ ಕಾಲದಲ್ಲಿ ಕರೆಸಿದರೆ ಇಬ್ಬರಿಗೂ ಕ್ಲೇಶ. ರಜೆಯಲ್ಲಿ ಕರೆಸಿ, ಸಂಜೆ ಒಂದು ತಾಸು ಅವಳೊಡನೆ ನಡೆದಾಡಿ ಊರ ಸುದ್ದಿ ಕೇಳುವ ಮಗನೇ ಅತಿಥಿಧರ್ಮವನ್ನು ಅರಿತವನು.