ಕೊಯ್ಯದೆ ನೋಡುವ ಬೆಳಕು

ಶಿರಾಲಿಯ ಹೆದ್ದಾರಿ ಬದಿಯಲ್ಲಿ ಸಿಯಾಳ ಮಾರುವವರನ್ನು ಗಮನಿಸಿ. ಕಾಯಿಗೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಒಳಗೆ ಬರೀ ನೀರೋ, ಗಂಜಿ ಕಟ್ಟಿದೆಯೋ ಹೇಳಿಬಿಡುತ್ತಾರೆ. ಕತ್ತಿ ಬೀಳುವುದು ಆಮೇಲೆ. ಚರ್ಮದ ಮೇಲಿನ ಅನುಮಾನದ ಮಚ್ಚೆಗೆ ಮಾತ್ರ ಮೊದಲೇ ಕತ್ತಿ: ಚೂರು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಡದೆ ಕ್ಯಾನ್ಸರ್ ಹೌದೋ ಅಲ್ಲವೋ ಖಚಿತವಾಗುವುದಿಲ್ಲ.

ಬಡಿಯುವ ಬೆರಳಿನ ಕೆಲಸವನ್ನು ಬೆಳಕಿಗೆ ಒಪ್ಪಿಸಿದರೆ? ಒಂದೇ ಬಣ್ಣದ ಲೇಸರ್ ಬಿಟ್ಟಾಗ ಚದುರಿ ಬರುವ ಬೆಳಕು ಬಹುತೇಕ ಅದೇ ಬಣ್ಣದ್ದು. ಹೆಚ್ಚುಕಡಿಮೆ ಕೋಟಿಗೊಂದು ಬೆಳಕಿನ ಕಣ ಮಾತ್ರ ಅಣುವನ್ನು ಅಲುಗಿಸಿ, ಅದಕ್ಕೆ ತನ್ನ ಶಕ್ತಿಯಲ್ಲೊಂದಿಷ್ಟು ತೆತ್ತು, ಬಣ್ಣ ಬದಲಿಸಿಕೊಂಡು ಮರಳುತ್ತದೆ. ಸಿ. ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡದ್ದು, ಮಾರ್ಚ್ 16ರಂದು ಬೆಂಗಳೂರಿನ ಸಭೆಯಲ್ಲಿ ವಿವರಿಸಿದ್ದು ಇದನ್ನೇ. ಪ್ರೋಟೀನು, ಕೊಬ್ಬು, ಡಿಎನ್‌ಎ ಒಂದೊಂದರ ಅಲುಗಾಟವೂ ಒಂದೊಂದು ಬಗೆ. ಕ್ಯಾನ್ಸರ್ ಹಿಡಿದ ಕಡೆ ಇವುಗಳ ಪಾಲು ಹೆಚ್ಚುಕಡಿಮೆಯಾಗಿ, ಮರಳಿದ ಬೆಳಕಿನ ಏರಿಳಿತವೂ ಬೇರೆಯಾಗುತ್ತದೆ.

ದೊಡ್ಡ ಕಾಯಿಲೆ ಎಂದರೆ ನಮ್ಮ ಕಡೆಯವರು ಮಣಿಪಾಲದ ಹಾದಿ ಹಿಡಿಯುತ್ತಾರಲ್ಲ, ಅಲ್ಲೇ ವಿಜ್ಞಾನಿ ವಿ. ಬಿ. ಕರ್ತಾ ಮತ್ತು ಸಂಗಡಿಗರು ಎರಡು ದಶಕಗಳ ಹಿಂದೆಯೇ ಬಾಯಿ ಕ್ಯಾನ್ಸರಿನ ಅಂಗಾಂಶದ ಮೇಲೆ ಈ ಬೆಳಕು ಬಿಟ್ಟು ನೋಡಿದ್ದರು. ಚರ್ಮ ಬಿಟ್ಟು ಬಾಯಿ ಏಕೆಂದು ಎಲೆಯಡಿಕೆಯ ಕವಳ ಹಾಕುವ ಸೀಮೆಯವರು ಕೇಳಬೇಕಿಲ್ಲ.

ಚರ್ಮದ ಕೆಲಸ ಹೆಚ್ಚು ನಡೆದದ್ದು ಬಿಳಿಯರ ನಾಡಿನಲ್ಲಿ. ಕೆನಡಾದ ವ್ಯಾಂಕೂವರಿನ ತಂಡ ರಾಮನ್ ಯಂತ್ರದಿಂದ 518 ಮಚ್ಚೆ, ಹುಣ್ಣುಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಮಾಡಿತು. 2024ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಡರ್ಮಸೆನ್ಸರ್ ಎಂಬ ಕೈಯಂತ್ರದ ದಾರಿ ಬೇರೆ. ಅದು ಬಣ್ಣ ಬದಲಿಸದೆ ಚದುರಿದ ಬೆಳಕನ್ನೇ ಅಳೆದು, ಜೀವಕೋಶಗಳ ಒಳರಚನೆ ಕೆಟ್ಟಿದೆಯೇ ಎಂದು ಊಹಿಸುತ್ತದೆ. ನೂರು ಕ್ಯಾನ್ಸರುಗಳಲ್ಲಿ 96ನ್ನು ಹಿಡಿಯುತ್ತದೆ, ಸರಿ. ಆದರೆ ನೂರು ನಿರಪಾಯದ ಮಚ್ಚೆಗಳಲ್ಲಿ ಸುಮಾರು 21ಕ್ಕೆ ಮಾತ್ರ 'ತೊಂದರೆಯಿಲ್ಲ' ಎನ್ನುತ್ತದೆ. ಮಹಾ ಸಂಶಯದ ಪ್ರಾಣಿ! ಚರ್ಮದ ಡಾಕ್ಟರ ಬಳಿ ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವ ಸಾಮಾನ್ಯ ವೈದ್ಯರಿಗೆ ಅದೊಂದು ನೆರವು, ಅಷ್ಟೇ. ಚೂರು ಕತ್ತರಿಸಿ ನೋಡುವ ಬಯಾಪ್ಸಿ ತಪ್ಪುವುದಿಲ್ಲ.

ನಮ್ಮ ಕಂದು ಚರ್ಮದಲ್ಲಿ ಇನ್ನೊಂದು ತೊಡಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರುತ್ತದೆ. ಸಾಲದ್ದಕ್ಕೆ ತಾನೇ ಮಿನುಗಿ, ರಾಮನ್ ಬೆಳಕಿನ ಪಿಸುಮಾತನ್ನು ಮುಳುಗಿಸುತ್ತದೆ. ಅದಕ್ಕೇ 785 ನ್ಯಾನೋಮೀಟರಿನ, ಕಣ್ಣಿಗೆ ಕಂಡೂ ಕಾಣದಂಥ ಅವಕೆಂಪು ಲೇಸರನ್ನು ಹೆಚ್ಚಾಗಿ ಬಳಸುವುದು. ಡರ್ಮಸೆನ್ಸರಿಗೂ ಕಪ್ಪು, ಕಂದು ಮೈಬಣ್ಣದವರ ಮೇಲೆ ಇನ್ನಷ್ಟು ಪರೀಕ್ಷೆ ಮಾಡಿ ತೋರಿಸಿ ಎಂದು ಎಫ್‌ಡಿಎ ಷರತ್ತು ಹಾಕಿದೆ.

ಯಂತ್ರ ನೋಡುವುದು ಅದರ ತುದಿ ತಾಗಿಸಿದ ಜಾಗವನ್ನು ಮಾತ್ರ; ಎಲ್ಲಿ ತಾಗಿಸಬೇಕೆಂಬುದನ್ನು ನಾವೇ ಗಮನಿಸಬೇಕು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಬಂದರೆ ಬಿಸಿಲು ಬೀಳುವ ಮುಖ, ಬೆನ್ನಿಗಿಂತ ಅಂಗಾಲಲ್ಲೋ ಉಗುರಿನಡಿಯಲ್ಲೋ ಬರುವುದು ಹೆಚ್ಚು: ಬರಿಗಾಲಲ್ಲಿ ಗದ್ದೆಗಿಳಿಯುವವರು ಮುಳ್ಳು ಮುರಿದ ಕಲೆಯೆಂದು ಬಿಟ್ಟುಬಿಡುವ ಜಾಗ.