ವಾರ್ಧಕ್ಯದಲ್ಲಿ ಹೃದಯವು ತುಂಬುವ ಬಗೆ

ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 1907ನೆಯ ಏಪ್ರಿಲ್ 1ರಂದು ಜನಿಸಿ 2019ನೆಯ ಜನವರಿ 21ರಂದು ಲಿಂಗೈಕ್ಯರಾದರು. ನಾಡಿಯು ನಿಮಿಷಕ್ಕೆ 70 ಸಾರಿ ಮಿಡಿಯುವುದೆಂದು ಗಣಿಸಿದರೆ, ಅಂತಹ ದೀರ್ಘಾಯುಷ್ಯದಲ್ಲಿ ಹೃದಯವು ಸುಮಾರು 410 ಕೋಟಿ ಸಾರಿ ಸಂಕೋಚಗೊಳ್ಳಬೇಕಾಗುವುದು. ಅಷ್ಟೇ ಸಾರಿ ಅದು ತುಂಬಲೂ ಬೇಕಷ್ಟೆ. ಸಂಕೋಚವನ್ನು ಕುರಿತು ಎಲ್ಲರೂ ಆಡುವರು; ತುಂಬುವಿಕೆಯನ್ನು ವಿಚಾರಿಸುವವರು ವಿರಳ. ಆದರೆ ವಯಸ್ಸಿನ ಪರಿಣಾಮವು ಮೊದಲು ತೋರುವುದು ಈ ಎರಡನೆಯದರಲ್ಲಿಯೇ.

ರಕ್ತವನ್ನು ಹೊರದೂಡುವಾಗ ಎಡ ಹೃತ್ಕುಕ್ಷಿಯು ಹಿಂಡಿದ ಬಟ್ಟೆಯಂತೆ ತುಸು ತಿರುಚಿಕೊಳ್ಳುವುದು. ಒಡನೆಯೇ ಆ ತಿರುಚು ಬಿಚ್ಚಿ, ಮಾಂಸವು ಸಡಿಲಗೊಂಡು, ಮೇಲಿನ ಹೃತ್ಕರ್ಣದಿಂದ ರಕ್ತವನ್ನು ಸೆಳೆದುಕೊಳ್ಳುವುದು. ಇದು ಮೊದಲನೆಯ ಅಲೆ. ಅಲ್ಪ ವಿರಾಮದ ಬಳಿಕ ಹೃತ್ಕರ್ಣವು ತಾನೇ ಸಂಕೋಚಗೊಂಡು ಉಳಿದುದನ್ನು ಕೆಳಕ್ಕೆ ದೂಡುವುದು; ಇದು ಎರಡನೆಯದು. ತಾರುಣ್ಯದಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲನೆಯ ಅಲೆಯಲ್ಲಿಯೇ ತುಂಬಿಬಿಡುವುದು.

ಸಡಿಲಗೊಳ್ಳುವುದೆಂದರೆ ಸುಮ್ಮನೆ ಬಿಟ್ಟುಬಿಡುವುದಲ್ಲ. ಅದೂ ಒಂದು ದುಡಿಮೆ. ಸಂಕೋಚಕ್ಕೆ ಕಾರಣವಾದ ಕ್ಯಾಲ್ಸಿಯಮ್ಮನ್ನು ಜೀವಕಣವು ಶಕ್ತಿಯನ್ನು ವೆಚ್ಚಮಾಡಿ ಹಿಂದಕ್ಕೆ ಎಳೆದುಕೊಳ್ಳಬೇಕು. ವಯಸ್ಸಾದಂತೆ ಈ ಕಾರ್ಯವು ನಿಧಾನವಾಗುವುದು. ಮಾಂಸತಂತುಗಳ ನಡುವೆ ನಾರಿನಂಶ ಬೆಳೆಯುವುದು. ಮಹಾಪಧಮನಿಯು ಬಿರುಸಾಗಿ, ಅದಕ್ಕೆದುರಾಗಿ ದುಡಿಯುವ ಹೃತ್ಕುಕ್ಷಿಯ ಗೋಡೆ ದಪ್ಪವಾಗುವುದು. ಅಮೆರಿಕೆಯ ಬಾಲ್ಟಿಮೋರಿನಲ್ಲಿ 1958ರಲ್ಲಿ ಆರಂಭವಾದ ವಾರ್ಧಕ್ಯದ ಪರಿಶೋಧನೆಯಲ್ಲಿ, ಇಪ್ಪತ್ತರಿಂದ ಎಂಬತ್ತರೊಳಗೆ ಮೊದಲನೆಯ ಅಲೆಯ ವೇಗವು ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದೆಂದು ಕಂಡುಬಂದಿದೆ. ಕೊರತೆಯನ್ನು ಹೃತ್ಕರ್ಣವು ತುಂಬಿಕೊಡುವುದು. ಅರವತ್ತರ ಆಚೀಚೆ ಎರಡು ಅಲೆಗಳ ವೇಗವೂ ಸಮವಾಗಿ, ಬಳಿಕ ಎರಡನೆಯದೇ ಮೇಲಾಗುವುದು. ಹೊರದೂಡುವ ಶಕ್ತಿಯಾದರೋ ವಿಶ್ರಾಂತಿಯಲ್ಲಿ ಬಹುಮಟ್ಟಿಗೆ ಕುಗ್ಗದು.

ಆದಕಾರಣ ಎಕೋ ಪರೀಕ್ಷೆಯ ವರದಿಯಲ್ಲಿ, ಬೇರೆ ಲಕ್ಷಣಗಳಿಲ್ಲದೆ, ಮೊದಲನೆಯ ದರ್ಜೆಯ ವ್ಯಾಕೋಚನ ದೋಷವೆಂಬ ಮಾತನ್ನು ಕಂಡು ಎಪ್ಪತ್ತು ವರ್ಷದ ಹಿರಿಯರ ಮನೆಯವರು ಕಂಗೆಡುವುದು ನನಗೆ ಉಚಿತವೆಂದು ತೋರದು. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕರ. ಮಲಗಿದರೆ ಉಸಿರು ಕಟ್ಟುವುದು, ಕಾಲು ಬಾಯುವುದು, ನಾಡಿ ತಾಳತಪ್ಪುವುದು, ಇವುಗಳನ್ನೂ ಮುಪ್ಪೆಂದು ತಳ್ಳಿಬಿಡುವ ರೂಢಿ ನಮ್ಮಲ್ಲುಂಟು. ರಕ್ತದೊತ್ತಡ, ಮಧುಮೇಹ, ಸ್ಥೂಲತೆಗಳು ಸೇರಿದಾಗ ಸಹಜವಾದ ಬಿರುಸು ರೋಗವಾಗಿ ಪರಿಣಮಿಸುವುದು. ಅದಕ್ಕೆ ವೈದ್ಯನೇ ಬೇಕು.

ಗುಬ್ಬಿಯ ಸಮತಟ್ಟಾದ ಬೀದಿಯಲ್ಲಿ ನಿರಾಯಾಸವಾಗಿ ನಡೆಯುವ ವೃದ್ಧರು ದೇವರಾಯನದುರ್ಗದ ಮೆಟ್ಟಿಲುಗಳಲ್ಲಿ ಏದುಸಿರು ಬಿಡುವುದೇಕೆ? ನಾಡಿಯ ವೇಗ ಏರಿದಷ್ಟೂ ತುಂಬುವ ಅವಕಾಶ ಕಿರಿದಾಗುವುದು. ಕುಣಿಗಲಿನ ಅಶ್ವಶಾಲೆ ಹೆಸರಾದದ್ದು ಓಟದ ಕುದುರೆಗಳಿಗೆ. ಅಂತಹ ಕುದುರೆಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 30-40, ನಾಗಾಲೋಟದಲ್ಲಿ 200ಕ್ಕೂ ಮಿಕ್ಕು. ಆ ಕಣ್ಣೆವೆಯಷ್ಟು ಕಾಲದಲ್ಲಿಯೂ ಅದರ ಹೃದಯ ತುಂಬುವುದು, ಅಷ್ಟು ಬೇಗ ಸಡಿಲಗೊಳ್ಳಬಲ್ಲುದರಿಂದ. ವೃದ್ಧ ಹೃದಯಕ್ಕೆ ಆ ಚುರುಕಿಲ್ಲ. ಹೃತ್ಕರ್ಣವು ತಾಳತಪ್ಪಿ ಬರಿದೆ ಕಂಪಿಸತೊಡಗಿದರಂತೂ ಎರಡನೆಯ ಅಲೆಯೇ ಇಲ್ಲವಾಗಿ, ಅದನ್ನೇ ನೆಚ್ಚಿದವರು ಒಮ್ಮೆಲೇ ಬಳಲುವರು.

ಈ ಬಿರುಸನ್ನು ತಡೆಯಬಹುದೆ? ಅಮೆರಿಕೆಯ ಡಲ್ಲಾಸಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಕುಳಿತೇ ಬಾಳಿದ ಮಧ್ಯವಯಸ್ಕರು ಎರಡು ವರ್ಷ, ವಾರಕ್ಕೆ ನಾಲ್ಕೈದು ದಿನ ವ್ಯಾಯಾಮಮಾಡಲು, ಹೃತ್ಕುಕ್ಷಿಯ ಬಿರುಸು ತಗ್ಗಿತು. ಅದಕ್ಕೆ ಮೊದಲೇ ಅಲ್ಲಿ ಅರವತ್ತೈದು ದಾಟಿದವರಿಂದ ಒಂದು ವರ್ಷ ವ್ಯಾಯಾಮ ಮಾಡಿಸಿದಾಗ ದೇಹದ ಕಸುವು ಹೆಚ್ಚಿತಾದರೂ, ಬಿರುಸು ಇದ್ದಂತೆಯೇ ಇದ್ದಿತು.